ಹಾರ ಕಟ್ಟಿದವಳ ಅಭಿಪ್ರಾಯ

ಬರೆಯುವ ಅಭ್ಯಾಸ ನನಗೆ ಹೆಚ್ಚಿಲ್ಲ. ಇಷ್ಟು ವರ್ಷ ಬೇರೆಯವರ ಮಾತುಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡಿದ್ದೇನೆಯೇ ಹೊರತು ನನ್ನ ಮಾತನ್ನು ಹೀಗೆ ಉದ್ದಕ್ಕೆ ಹೇಳಿದವಳಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದ ತಿದ್ದಿಕೊಡುವವರೂ ಇಲ್ಲ. ನಿರೂಪಣೆಯಲ್ಲಿ ಕೊರತೆ ಕಂಡರೆ ಓದುಗರು ದಯವಿಟ್ಟು ಮನ್ನಿಸಬೇಕು.

ಮೂರು ವರ್ಷಗಳ ಹಿಂದೆ ನಾನು ಬೆಂಗಳೂರಿನ ಆರ್.ಟಿ. ನಗರದ ಒಂದು ಸಣ್ಣ ಆನ್‌ಲೈನ್ ವಾಹಿನಿಯಲ್ಲಿ ವಿಡಿಯೋ ಎಡಿಟರ್ ಆಗಿದ್ದೆ. ವಾರಕ್ಕೊಮ್ಮೆ ಪ್ರಸಾರವಾಗುವ ಜನಾಭಿಪ್ರಾಯದ ಕಾರ್ಯಕ್ರಮ ನನ್ನ ಹೊಣೆ. ಹೊಸ ಸಿನಿಮಾ, ಊರಿನ ನಾಟಕ, ಟಿವಿ ಧಾರಾವಾಹಿ, ಕ್ರಿಕೆಟ್ ಪಂದ್ಯ, ಯಾವುದರ ಬಗ್ಗೆಯಾದರೂ ದಾರಿಯಲ್ಲಿ ಹೋಗುವವರ ಮುಂದೆ ಮೈಕ್ ಹಿಡಿದು ಕೇಳುವುದು, ಅವರು ಹೇಳಿದ್ದನ್ನು ಪ್ರಸಾರ ಮಾಡುವುದು. ಹಾಗೆ ಕ್ಯಾಮೆರಾ ಮುಂದೆ ಆಡಿದ ಚಿಕ್ಕ ಮಾತಿಗೆ ನಮ್ಮಲ್ಲಿ ‘ಬೈಟ್’ ಎನ್ನುತ್ತಾರೆ.

ನನ್ನ ತಾಯಿ ಗೌರಮ್ಮ ಯಲಹಂಕದ ಒಂದು ಹಳೆಯ ಚಿತ್ರಮಂದಿರದ ಗೇಟಿನ ಪಕ್ಕದಲ್ಲಿ ಹೂವಿನ ಅಂಗಡಿ ಇಟ್ಟುಕೊಂಡಿದ್ದಳು. ದೊಡ್ಡ ನಟರ ಸಿನಿಮಾ ಬಿಡುಗಡೆಯಾಗುವಾಗ ಕಟೌಟಿಗೆ ಹಾಕುವ ಹಾರವನ್ನು ಅಭಿಮಾನಿ ಸಂಘದವರು ಅವಳಿಂದಲೇ ಕಟ್ಟಿಸುತ್ತಿದ್ದರು. ಮೂರು ಮಹಡಿ ಎತ್ತರದ ಕಟೌಟಿನ ಕೊರಳಿನಿಂದ ಮಂಡಿಯವರೆಗೆ ಬರುವ ಹಾರ ಅದು. ಹಾರ ಕಟ್ಟಿದವರಿಗೆ ಮೊದಲ ಪ್ರದರ್ಶನದ ಬಾಲ್ಕನಿ ಟಿಕೆಟ್ ಕೊಡುವುದು ಸಂಘದ ಹಳೆಯ ಪದ್ಧತಿ. ಹೀಗಾಗಿ ಅಮ್ಮ ನೋಡದ ಮೊದಲ ಶೋ ಇರಲಿಲ್ಲ. ಅವಳಿಗೆ ಅಭಿಪ್ರಾಯವಿಲ್ಲದ ವಿಷಯವೂ ಇರಲಿಲ್ಲ. ‘ಆ ಧಾರಾವಾಹೀಲಿ ಅತ್ತೆ ಆರು ತಿಂಗ್ಳಿಂದ ಕೋಮಾದಾಗವ್ಳೆ, ತುಟಿ ಬಣ್ಣ ಮಾತ್ರ ಒಂಚೂರೂ ಮಾಸಿಲ್ಲ ನೋಡು’ ಎನ್ನುತ್ತಿದ್ದಳು. ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ಪೌರಾಣಿಕ ನಾಟಕ ನೋಡಿ ಬಂದವಳು, ‘ದುರ್ಯೋಧನ ಚೆನ್ನಾಗ್ ಮಾಡ್ದ. ಭೀಮನೇ ಅವನ್ನ ಕಂಡು ಎದರ್ಕಂಡಿದ್ದ’ ಎಂದಿದ್ದಳು. ಮನೆಯಲ್ಲಿದ್ದವರು ನಾವಿಬ್ಬರೇ. ಅವಳ ಈ ಮಾತುಗಳಿಂದಲೇ ನನ್ನ ಸಂಜೆಗಳು ಕಳೆಯುತ್ತಿದ್ದವು.

ಆ ಶುಕ್ರವಾರ ಬಹುನಿರೀಕ್ಷಿತ ಸಿನಿಮಾವೊಂದು ಬಿಡುಗಡೆಯಾಯಿತು. ಹೊಸದಾಗಿ ಸೇರಿದ್ದ ಕ್ಯಾಮೆರಾಮನ್ ಹರೀಶ ಬೈಟ್‌ಗಳನ್ನು ತಂದುಕೊಟ್ಟ. ಒಂದೊಂದಾಗಿ ನೋಡುತ್ತಿದ್ದೆ. ಎಲ್ಲರೂ ‘ಸೂಪರ್ ಗುರು’, ‘ಹಬ್ಬ ಮಗಾ’ ಎನ್ನುತ್ತಿದ್ದರು. ಅವರ ನಡುವೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅಮ್ಮ ಕಾಣಿಸಿದಳು. ಅವಳು ಯಾರೆಂದು ಹರೀಶನಿಗೆ ಗೊತ್ತಿರಲಿಲ್ಲ.

‘ಹೆಂಗಿದೆ ಆಂಟಿ ಸಿನಿಮಾ?’

‘ನಾನ್ ಕಟ್ಟಿದ್ ಹಾರ ಚೆನ್ನಾಗಿತ್ತು ಕಣಪ್ಪ, ಸಿನಿಮಾ ಇರ್ಲಿಲ್ಲ. ಆ ಹುಡ್ಗಿ ಹೀರೋ ಮಗಳು ಅನ್ಕಂಡು ನೋಡ್ತಿದ್ದೆ, ಹಾಡು ಶುರುವಾದ್ಮೇಲೆ ಗೊತ್ತಾಯ್ತು ಜೋಡಿ ಅಂತ. ಇಂಟರ್ವಲ್ ಆದ್ಮೇಲೆ ನಂಗೆ ಒಳ್ಳೇ ನಿದ್ದೆ.’

ನಾನು ನಕ್ಕೆ. ಆಮೇಲೆ, ಇದನ್ನು ಅಭಿಮಾನಿ ಸಂಘದವರೂ ನೋಡುತ್ತಾರೆ ಎಂಬುದು ಹೊಳೆಯಿತು. ಎದ್ದು ಸಂಪಾದಕರ ಬಳಿ ಹೋಗಿ, ಈ ಬೈಟ್ ಬೇಡ ಸರ್, ಇವರು ನಮ್ಮ ತಾಯಿ ಎಂದೆ. ಅವರು ಕನ್ನಡಕ ತೆಗೆದು, ‘ಇದೊಂದೇ ನೇರವಾದ ಮಾತು ಇರೋದು. ನಿಮ್ಮ ತಾಯಿ ಅಂತ ತೆಗೆದ್ರೆ, ಮುಂದಿನ ವಾರ ಬೇರೆಯವರ ತಾಯೀದು ಹೇಗ್ರೀ ಹಾಕ್ತೀರಿ?’ ಎಂದರು. ಅಮ್ಮನಿಗೆ ಫೋನ್ ಮಾಡಿದೆ. ‘ನಾನೇ ಅಂದಿದ್ದು ತಾನೆ? ಹಾಕು. ಸೀರೆ ಸರ್ಯಾಗ್ ಕಾಣ್ತಿದ್ಯಾ?’ ಎಂದಳು.

ಹಾಕಿದೆವು. ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಅದನ್ನು ಮಾಡುವವರು ಬೇರೆ. ಅವರು ಅಮ್ಮನ ಮುಖವನ್ನು ಕಟೌಟಿನ ಪಕ್ಕದಲ್ಲಿಟ್ಟು ‘ಹಾರ ಕಟ್ಟಿದವಳೇ ಹೀಗಂದಳು’ ಎಂದು ಬರೆದಿದ್ದರು. ಸಂಜೆಯ ಹೊತ್ತಿಗೆ ಆ ಚಿತ್ರ ನನ್ನ ಕಾಲೇಜಿನ ಗೆಳತಿಯರಿಗೂ ತಲುಪಿತ್ತು. ಅದರ ಕೆಳಗೆ ಯಾರೋ ಅಂಗಡಿಯ ಗುರುತು ಬರೆದಿದ್ದರು. ಅದರ ಕೆಳಗೆ ಮತ್ಯಾರೋ, ನಮ್ಮ ಮನೆಯಿದ್ದ ಅಟ್ಟೂರಿನ ಓಣಿಯ ಗುರುತು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದಾಗ ಹೊಸ್ತಿಲ ಮುಂದೆ, ಅಮ್ಮ ಕಟೌಟಿಗೆ ಕಟ್ಟಿಕೊಟ್ಟಿದ್ದ ಹಾರ ಸುರುಳಿ ಸುತ್ತಿ ಮಲಗಿತ್ತು. ಒಂದು ಹೂವೂ ನಲುಗಿರಲಿಲ್ಲ. ಅಮ್ಮ ಬಗ್ಗಿ ಎತ್ತಿದಾಗ ಅದು ಕೈಯಲ್ಲಿ ನಿಲ್ಲಲಿಲ್ಲ. ತುಂಡು ತುಂಡಾಗಿ ಜಾರಿ ಕೆಳಗೆ ಬಿತ್ತು. ಒಳಗಿನ ದಾರವನ್ನು ಗೇಣಿಗೊಂದು ಕಡೆ ಬ್ಲೇಡಿನಿಂದ ಕೊಯ್ದಿದ್ದರು. ಯಾರೋ ಕೂತು, ಅವಸರವಿಲ್ಲದೆ, ಒಂದೇ ಅಳತೆಯಲ್ಲಿ ಮಾಡಿದ ಕೆಲಸ. ಅಮ್ಮ ಹೂಗಳನ್ನು ಮೊರಕ್ಕೆ ತುಂಬಿ ಒಳಗಿಟ್ಟಳು.

ನಾನು ರಜೆ ಹಾಕಿ ಅವಳ ಜೊತೆ ಅಂಗಡಿಗೆ ಹೋದೆ. ಎದುರಿನ ಬದಿಯಲ್ಲಿ ಐದಾರು ಯುವಕರು ಬೈಕುಗಳ ಮೇಲೆ ಕೂತಿದ್ದರು. ಬೈಯಲಿಲ್ಲ, ಕೂಗಲಿಲ್ಲ. ಹೂ ಕೊಳ್ಳಲು ಬಂದವರನ್ನು ಸುಮ್ಮನೆ ನೋಡುತ್ತಿದ್ದರು, ಬಂದವರು ಹಾಗೆಯೇ ಮುಂದೆ ಹೋಗುತ್ತಿದ್ದರು. ಪಕ್ಕದ ಎಳನೀರಿನವನು ತನ್ನ ಗಾಡಿಯನ್ನು ಸ್ವಲ್ಪ ಆಚೆಗೆ ತಳ್ಳಿಕೊಂಡ. ಠಾಣೆಗೆ ಹೋಗೋಣ ಎಂದೆ. ‘ಏನಂತ ಬರ್ಕೊಡ್ತೀಯಾ? ನೋಡಿದ್ರು ಅಂತಾನಾ?’ ಎಂದಳು ಅಮ್ಮ.

ಸಂಜೆ ಸಂಘದ ಅಧ್ಯಕ್ಷ ಮುನಿರಾಜು ಮನೆಗೆ ಬಂದರು. ಅಟ್ಟೂರಿನ ಹಳೆಯ ಒಕ್ಕಲು ಮನೆತನದವರು. ಹೊಲವೆಲ್ಲ ಬಡಾವಣೆಯಾದ ಮೇಲೆ ಕಟ್ಟಡದ ಕೆಲಸ ಮಾಡಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಬಂದರು.

‘ಗೌರಕ್ಕ, ಉಡುಗ್ರು ಕೋಪದಾಗವ್ರೆ. ನಾಳೆ ಥಿಯೇಟರ್ ಮುಂದೆ ನಿಂತ್ಕಂಡು ತಪ್ಪಾಯ್ತು ಅಂದ್ಬುಡಿ. ಅದೇ ಕ್ಯಾಮೆರಾಗೆ. ನಾನಿರೋಗಂಟ ನಿಮಗೇನೂ ಆಗಾಕಿಲ್ಲ.’ ಬಾಗಿಲ ಕಡೆ ನೋಡಿ ಮುಂದುವರಿಸಿದರು. ‘ಯಾವಾಗ್ಲೂ ನಾನೇ ಇರಾಕಾಯ್ತದಾ?’

ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ‘ನಿಮಗೆಂಗ್ ಅನ್ನಿಸ್ತು ಮುನಿರಾಜಣ್ಣ ಸಿನಿಮಾ?’

ಅವರು ಕತ್ತು ಕೆರೆದುಕೊಂಡರು. ‘ನಾನಿನ್ನೂ ನೋಡಿಲ್ಲ ಕಣಕ್ಕ. ಆಲಿನ ಅಭಿಷೇಕ, ತಮಟೆ, ಪಟಾಕಿ, ಎಲ್ಲಾ ನಾನೇ ನೋಡ್ಕೋಬೇಕಲ್ಲ. ಒಳೀಕ್ ಓಗಾಕೆ ಪುರುಸೊತ್ತೆಲ್ಲಿ?’

‘ಅಂಗಾದ್ರೆ ನಾಳೆ ನೋಡ್ಕಂಡ್ ಬನ್ನಿ. ಚೆನ್ನಾಗೈತೆ ಅಂತ ನೀವು ಕ್ಯಾಮೆರಾ ಮುಂದೆ ಯೋಳಿದ್ರೆ, ನಂದೇ ತಪ್ಪು ಅಂತೀನಿ.’

ಅವರು ಒಪ್ಪಿದರು.

ಭಾನುವಾರ ಮ್ಯಾಟಿನಿ ಬಿಡುವ ವೇಳೆಗೆ ಹರೀಶನೊಂದಿಗೆ ನಾನೇ ಮೈಕ್ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಬೈಕಿನ ಯುವಕರು ಈಗ ಇಪ್ಪತ್ತಕ್ಕೂ ಹೆಚ್ಚಿದ್ದರು. ಅಮ್ಮ ಅಂಗಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಜನರ ನಡುವೆ ಮುನಿರಾಜು ಒಬ್ಬರೇ ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಕಣ್ಣು ನಿದ್ದೆಯಿಂದ ಎದ್ದವರ ಹಾಗೆ ಕೆಂಪಾಗಿತ್ತು. ಕೆನ್ನೆಯ ಮೇಲೆ ಸೀಟಿನ ಗೀರು ಮೂಡಿತ್ತು.

‘ಸರ್, ಸಿನಿಮಾ ಹೇಗಿದೆ?’ ಎಂದು ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆಯೇ.

ಅವರು ಮೊದಲು ನನ್ನನ್ನು ನೋಡಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ. ನನ್ನ ಭುಜದ ಆಚೆ ನಿಂತಿದ್ದ ಯುವಕರನ್ನು ನೋಡಿದರು. ಅವರಲ್ಲಿ ಒಬ್ಬ ಫೋನ್ ಎತ್ತಿ ಅಧ್ಯಕ್ಷರನ್ನೇ ಚಿತ್ರೀಕರಿಸುತ್ತಿದ್ದ.

‘ಚೆನ್ನಾಗೈತೆ’ ಎಂದರು.

ಅಮ್ಮ ಎದ್ದು ಬಂದಳು. ಮಡಿಲಿನ ಹೂ ಕೊಡವಿ, ಮೈಕಿನ ಮುಂದೆ ನಿಂತು, ‘ಮುನಿರಾಜಣ್ಣ ಚೆನ್ನಾಗೈತೆ ಅಂದ್ರು. ಅಂಗಾದ್ರೆ ನಂದೇ ತಪ್ಪು’ ಎಂದಳು. ಯುವಕರು ಶಿಳ್ಳೆ ಹೊಡೆದರು. ತಮಟೆ ಶುರುವಾಯಿತು. ಆ ಸದ್ದಿನಲ್ಲಿ ಮುನಿರಾಜು ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ನನ್ನ ಕಿವಿಯ ಹತ್ತಿರ ಬಂದರು. ‘ಅಕ್ಕಂಗೆ ಜಾಗ ಬದ್ಲಾಯ್ಸಕ್ಕೇಳಮ್ಮ. ಇವ್ರು ನನ್ ಮಾತು ಕೇಳದು ಇವತ್ತೊಂದ್ ದಿವ್ಸ. ನಾಳೆ ನಂಗೂ ಗೊತ್ತಿಲ್ಲ.’ ಹೆದರಿಸಲು ಬಂದವರ ಧ್ವನಿಯಾಗಿರಲಿಲ್ಲ ಅದು. ಅವರ ಅಂಗೈ ಬೆವೆತು ಮೈಕಿನ ಸ್ಪಂಜು ಒದ್ದೆಯಾಗಿತ್ತು.

ಆ ಎರಡು ಬೈಟ್‌ಗಳನ್ನೂ ನಾನೇ ಎಡಿಟ್ ಮಾಡಿದೆ. ಉತ್ತರಕ್ಕೆ ಮೊದಲಿನ ಮೌನವನ್ನು ಕತ್ತರಿಸುವುದು ನಮ್ಮ ಕೆಲಸದ ರೂಢಿ. ಇಲ್ಲದಿದ್ದರೆ ನೋಡುವವರು ಮುಂದಕ್ಕೆ ಹೋಗುತ್ತಾರೆ. ಮುನಿರಾಜು ಅವರ ಬೈಟನ್ನೂ ಹಾಗೆಯೇ ಕತ್ತರಿಸಿದೆ. ಪರದೆಯ ಮೇಲೆ ಅವರು ತಟ್ಟನೆ, ಖುಷಿಯಿಂದ ಹೇಳಿದಂತೆ ಕಂಡಿತು.

ಸೋಮವಾರ ನಾವು ಹೋದಾಗ ಅಂಗಡಿಯ ದೊಡ್ಡ ಕೊಡೆ ಇರಲಿಲ್ಲ. ಆ ಜಾಗದಲ್ಲಿ ಬೇರೊಬ್ಬಾಕೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅವರು ಅಮ್ಮನನ್ನು ಕಂಡು ಎದ್ದು ನಿಂತರು. ‘ಕೂತ್ಕೊಳಮ್ಮ, ನಿಂದೇನ್ ತಪ್ಪು’ ಎಂದು ಅಮ್ಮ ಹಿಂದಿರುಗಿದಳು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಒಬ್ಬರ ಅಭಿಪ್ರಾಯ ಕೇಳುವ ಮುನ್ನ ಅವರು ನಾಳೆಯೂ ಅಲ್ಲೇ ಕೂರಬೇಕಾದವರೇ ಎಂದು ತಿಳಿದುಕೊಳ್ಳಬೇಕು. ಈಗ ಹೆಬ್ಬಾಳದ ಬೇರೊಂದು ಸಂಸ್ಥೆಯಲ್ಲಿದ್ದೇನೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಒಂದೇ ಪ್ರಶ್ನೆ: ‘ನಿಮ್ಮ ಅಂಗಡಿ ಇಲ್ಲೇನಾ?’ ಹೌದು ಎಂದರೆ ಕ್ಯಾಮೆರಾ ಆನ್ ಮಾಡಬೇಡಿ ಎನ್ನುತ್ತೇನೆ.

ನಮ್ಮ ಮನೆಯಲ್ಲಿ ಆದ ಬದಲಾವಣೆಯನ್ನೂ ಹೇಳಿ ಮುಗಿಸುತ್ತೇನೆ. ಅಟ್ಟೂರಿನ ಮನೆ ಬಿಟ್ಟು ರಾಜಾನುಕುಂಟೆಗೆ ಬಂದೆವು. ಅಮ್ಮ ಈಗ ಮದುವೆ ಛತ್ರಗಳಿಗೆ ಹೂ ಕಟ್ಟಿಕೊಡುತ್ತಾಳೆ, ಚಿತ್ರಮಂದಿರಕ್ಕೆ ಹೋಗುವುದಿಲ್ಲ. ಕಳೆದ ತಿಂಗಳು ಆ ಸಿನಿಮಾ ಟಿವಿಯಲ್ಲಿ ಬಂತು. ಕೊನೆಯವರೆಗೂ ಎಚ್ಚರವಾಗಿಯೇ ಕೂತು ನೋಡಿದಳು. ಹೇಗಿತ್ತಮ್ಮ ಎಂದು ಕೇಳಿದೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ಅಮ್ಮ ಒಮ್ಮೆ ಬಾಗಿಲ ಕಡೆ ನೋಡಿ, ‘ಚೆನ್ನಾಗೈತೆ’ ಎಂದಳು.