ಅವ್ವನ ಖಬರ

ಪ್ರಜ್ಞೆ, ಚೈತನ್ಯ, ಅರಿವು ಎಂದು ದೊಡ್ಡವರು ಗಂಟೆಗಟ್ಟಲೆ ಮಾತಾಡುವುದನ್ನು ಕೇಳಿದ್ದೇನೆ. ಜಗತ್ತು ಹೊರಗಿದೆಯೋ ನಮ್ಮ ಮನಸ್ಸಿನೊಳಗಿದೆಯೋ ಎಂದು ಅವರು ಜಗ್ಗಾಡುವಾಗ ನನಗೆ ನಗು ಬರುತ್ತದೆ. ನಮ್ಮ ತಿಂಥಣಿಯಲ್ಲಿ ಇದಕ್ಕೆಲ್ಲ ಒಂದೇ ಮಾತಿತ್ತು: ಖಬರ. ಹೊರಗಿನಿಂದ ಬಂದ ಸುದ್ದಿಯೂ ಖಬರ, ಮೈಮೇಲಿನ ಎಚ್ಚರವೂ ಖಬರ. ಊರಿಗೆ ಬಂದವರನ್ನು "ಏನ್ ಖಬರ್ರಿ?" ಎಂದು ಕೇಳುತ್ತಿದ್ದರು, ಜ್ಞಾನ ತಪ್ಪಿ ಬಿದ್ದವರನ್ನು ಕಂಡು "ಖಬರ ಇಲ್ಲ" ಅನ್ನುತ್ತಿದ್ದರು. ಎರಡೂ ಒಂದೇ ಎಂದು ನಾನು ಹತ್ತು ವರ್ಷದವಳಿದ್ದಾಗಲೇ ಸಾಧಿಸಿ ತೋರಿಸಿದೆ. ಜಂಬ ಅನ್ನುವವರು ಅನ್ನಲಿ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಅದು. ಅಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ. ಹೊಳೆ ದಾಟುವವರು ಲೋಕದ ಸುದ್ದಿಯನ್ನೆಲ್ಲ ಅವನ ಕಿವಿಗೆ ಹಾಕುತ್ತಿದ್ದರು, ಆದರೆ ಅವನು ಬಾಯಿ ಬಿಡುವ ಆಸಾಮಿಯಲ್ಲ. ಕೆದಕಿ ಕೆದಕಿ ಹೊರಡಿಸುವ ಕೆಲಸ ಅವ್ವನದು. ಹಾಗೆ ಹೊರಬಿದ್ದದ್ದೇ ಚಾವಡಿಯ ಸುದ್ದಿ. ಅಲ್ಲಿ ಕನ್ನಡ ಶಾಲೆ ಸುರುವಾಗಿದೆ, ಹೆಣ್ಣುಮಕ್ಕಳನ್ನೂ ಕಳಿಸಿ ಎಂದು ಮಾಸ್ತರು ಹೇಳುತ್ತಿದ್ದಾರೆ. ಅಲ್ಲಿಯವರೆಗೆ ನಮಗೆ ಶಾಲೆ ಎಂದರೆ ಸುರಪುರ, ಅದೂ ಉರ್ದುವಿನಲ್ಲಿ. ಅವ್ವ ಅಪ್ಪನ ಬೆನ್ನುಹತ್ತಿದಳು.

"ಹುಡುಗೀನ ಶಾಲಿಗಿ ಹಚ್ಚೂಣು."

"ನೋಡೂಣು," ಅಂದ ಅಪ್ಪ.

ಆ ನೋಡುವುದು ಮುಗಿಯುವ ಮೊದಲೇ ಅವ್ವ ಜ್ವರ ಹಿಡಿದು ಮಲಗಿದಳು. ಐದನೇ ದಿನಕ್ಕೆ ಮಾತು ನಿಂತಿತು, ಕಣ್ಣು ಮುಚ್ಚಿದವು. ಸುರಪುರದಿಂದ ಬಂದ ಕಂಪೌಂಡರು ಸೂಜಿ ಚುಚ್ಚಿ, "ಖಬರ ಇಲ್ರಿ. ಗಂಜಿ ತಿಳಿ ಹನಿ ಹನಿ ಬಿಡ್ರಿ, ನೋಡೂಣು," ಎಂದು ಹೊರಟುಹೋದರು. ನನಗೆ ಆ 'ನೋಡೂಣು' ಎಂಬ ಮಾತೇ ಮೈ ಉರಿಸುತ್ತಿತ್ತು.

ಮನೆ ನೋಡಿಕೊಳ್ಳಲು ಅಪ್ಪನ ಅಕ್ಕ, ನನ್ನ ಸೋದರತ್ತೆ ಬಂದಳು. ನಾನು ಅವ್ವ ಮಲಗಿದ್ದ ಹೊರಸಿನ ಪಕ್ಕ ಕೂತು ಅವ್ವನ ಕಿವಿಯಲ್ಲಿ ಮಾತಾಡುತ್ತಲೇ ಇದ್ದೆ. ಆಡು ಎರಡು ಮರಿ ಹಾಕಿದೆ, ಕರಿದು ಗಟ್ಟಿ, ಬಿಳಿದು ಮೊಲೆಗೆ ಬಾಯಿ ಹಾಕುತ್ತಿಲ್ಲ. ಅತ್ತೆಯ ಸಾರಿಗೆ ಉಪ್ಪು ಜಾಸ್ತಿ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೆ.

"ಏ ಖಬರಗೇಡಿ," ಅತ್ತೆ ಒಲೆಯ ಮುಂದಿನಿಂದಲೇ ಬೈಯುತ್ತಿದ್ದಳು. "ಗ್ವಾಡಿಗಿ ಹೇಳಿದ್ರೂ ಒಂದ, ಆಕಿಗಿ ಹೇಳಿದ್ರೂ ಒಂದ."

"ಅವ್ವ ಕೇಳಾಕತ್ತಾಳ!"

"ನಿನಗ ಹ್ಯಾಂಗ ಗೊತ್ತ?"

"ಗ್ವಾಡಿ ಉಸಿರು ಬಿಡ್ತೈತೇನು?"

ಅಪ್ಪ ಹೊರಗೆ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ, ಹರಿಗೋಲಿನ ಚರ್ಮಕ್ಕೆ ತೇಪೆ ಹಚ್ಚುತ್ತ ಕೂತಿರುತ್ತಿದ್ದ. ಕರೆದರೆ ಓಗೊಡುತ್ತಿರಲಿಲ್ಲ. "ಒಳಗ ಆಕಿಗಿ ಖಬರ ಇಲ್ಲ, ಹೊರಗ ಇವಗ ಖಬರ ಇಲ್ಲ," ಎಂದು ಅತ್ತೆ ಹಣೆ ಬಡಿದುಕೊಂಡಳು.

ಒಂಬತ್ತನೇ ದಿನ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು, "ತಮ್ಮಾ, ಆಕೀನ ಕೆಳಗ ಇಳಸೂಣು," ಅಂದಳು. ಕೊನೆಯುಸಿರಿನ ಹೊತ್ತಿಗೆ ಹೊರಸಿನಿಂದ ನೆಲಕ್ಕಿಳಿಸುವುದು ನಮ್ಮ ಕಡೆಯ ಪದ್ಧತಿ. ನಾನು ಅವ್ವನ ಮೇಲೆ ಅಡ್ಡಬಿದ್ದು ಹೊರಸಿನ ಪಟ್ಟಿ ಹಿಡಿದುಕೊಂಡೆ. ಬಿಡಿಸಲು ಬಂದ ಅತ್ತೆಯ ಕೈ ಕಚ್ಚಿಯೇಬಿಟ್ಟೆ.

"ಅಯ್ಯಯ್ಯೋ, ಹಲ್ಲು ಊರಿದಳಲ್ಲೋ ಹಾದರಗಿತ್ತಿ!" ಎಂದು ಅತ್ತೆ ಕೈ ಝಾಡಿಸುತ್ತ ಹಿಂದೆ ಸರಿದಳು. ಅಂದು ಇಳಿಸಲಿಲ್ಲ. ಆದರೆ ನನಗೆ ಅಂದೇ ನಿಜವಾಗಿ ಹೆದರಿಕೆ ಹುಟ್ಟಿತು. ಅತ್ತೆ ಹೇಳಿದ್ದೇ ಖರೆ ಇದ್ದರೆ? ಆಡಿನ ಸುದ್ದಿಗೆ ಅವ್ವ ಬರಲಿಲ್ಲ, ಉಪ್ಪಿನ ಸುದ್ದಿಗೂ ಬರಲಿಲ್ಲ. ಯಾವ ಖಬರ ಕೇಳಿದರೆ ಬಂದಾಳು? ಕಿವಿಗೆ ತುಟಿ ಹಚ್ಚಿ ಸುಳ್ಳು ಹೇಳಿದೆ.

"ಅವ್ವಾ, ಅಪ್ಪ ನನ್ನ ಶಾಲಿಗಿ ಹಚ್ಯಾನ."

ಒಂದು ಸುಳ್ಳಿಗೆ ಬಾಯಿ ಬಿಟ್ಟ ಮೇಲೆ ನಿಲ್ಲುವುದುಂಟೇ! ಅ, ಆ ಬರೆದೆ ಅಂದೆ. ಮಾಸ್ತರು ಶಾಭಾಶ್ ಅಂದರು ಅಂದೆ. ಅದಕ್ಕೂ ಮಿಸುಕದಿದ್ದಾಗ, ಸಿಟ್ಟಿಗಾದರೂ ಎದ್ದಾಳು ಎಂದು ಕೊನೆಗೆ, ಇಲ್ಲದ ಸ್ಲೇಟನ್ನೂ ಒಡೆದು, "ಹೊಸಾ ಪಾಟಿ ಒಡೀತವ್ವಾ, ಬೈಬ್ಯಾಡ," ಎಂದು ಗಟ್ಟಿಯಾಗಿಯೇ ಅಂದೆ. ಬೈಯಲಿ, ಒಂದೇ ಒಂದು ಸಲ ಬೈಯಲಿ ಎಂದು ಅವಳ ಕೊರಳಿಗೆ ಮುಖವಿಟ್ಟು ಅತ್ತುಬಿಟ್ಟೆ. ಅಪ್ಪ ಕಟ್ಟೆಯ ಮೇಲೆ ಹಾಗೇ ಕೂತಿದ್ದ.

ಅಂದಿನಿಂದ ಮೂರನೇ ಬೆಳಿಗ್ಗೆ ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಬೆರಳು ಅಲುಗಿತು. ತಲೆ ಎತ್ತಿ ನೋಡಿದರೆ ಅವ್ವ ಕಣ್ಣು ಬಿಟ್ಟಿದ್ದಾಳೆ! ನಾನು ಕೂಗಿದ ಕೂಗಿಗೆ ಅಪ್ಪ, ಅತ್ತೆ ಇಬ್ಬರೂ ಓಡಿ ಬಂದರು. ಅತ್ತೆ ತಂಬಿಗೆ ತಂದು ನೀರು ಕುಡಿಸಿದಳು. ಅವ್ವ ಎರಡು ಗುಟುಕು ನುಂಗಿ, ಒಣ ದನಿಯಲ್ಲಿ ಕೇಳಿದಳು:

"ಬಿಳೇ ಮರಿ... ಉಳೀತೇನ?"

ಆಡು ಮರಿ ಹಾಕಿದ್ದು ಅವಳ ಕಣ್ಣು ಮುಚ್ಚಿದ ಮೇಲೆ. ಅತ್ತೆಯ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ನಾನು ಮನೆ ತುಂಬ ಕುಣಿದೆ. "ಕೇಳ್ಯಾಳ! ಎಲ್ಲಾ ಕೇಳ್ಯಾಳ! ಯಾರು ಗ್ವಾಡಿ, ಹೇಳು ಅತ್ತಿ, ಯಾರು ಗ್ವಾಡಿ?" ಅತ್ತೆ ಅಳುತ್ತ ನಗುತ್ತ, ನಾನು ಕಚ್ಚಿದ ಕೈಯಿಂದಲೇ ನನ್ನ ದೃಷ್ಟಿ ತೆಗೆದಳು. ಅಷ್ಟು ದೊಡ್ಡ ಗೆಲುವು ನನಗೆ ಆಮೇಲೆ ಎಂದೂ ಸಿಕ್ಕಿಲ್ಲ.

ಅಷ್ಟರಲ್ಲಿ ಅವ್ವ ನನ್ನ ಕಡೆ ತಿರುಗಿದಳು.

"ನೀ ಯಾಕ ಮನ್ಯಾಗ ಅದಿ? ಶಾಲಿಗಿ ಹೊತ್ತಾಗಿಲ್ಲೇನು?"

ನನ್ನ ಕುಣಿತ ನಿಂತಿತು. ಆ ಮೂರು ದಿನ ಅವ್ವ ಇದ್ದದ್ದು ಮಗಳು ಶಾಲೆಗೆ ಹೋಗುವ ಜಗತ್ತಿನಲ್ಲಿ. ಅದನ್ನು ಕಟ್ಟಿದವಳು ನಾನು. ಅದನ್ನು ನಂಬಿ ಎದ್ದು ಬಂದವಳಿಗೆ ಅದು ಇಲ್ಲವೇ ಇಲ್ಲ ಎಂದು ಯಾವ ಬಾಯಿಂದ ಹೇಳಲಿ?

ಅಪ್ಪ ಗೂಟದ ಮೇಲಿನ ರುಮಾಲು ತೆಗೆದು ಸುತ್ತಿಕೊಂಡ. "ಹೊತ್ತಾಗೈತಿ," ಅಂದ. "ಕರಕೊಂಡ ಹೊಂಟೀನಿ." ನನ್ನ ಕೈ ಹಿಡಿದು ಹೊರಟೇಬಿಟ್ಟ. ಚಾವಡಿಯವರೆಗೂ ಕೈ ಬಿಡಲಿಲ್ಲ.

ಮಾಸ್ತರು ನನ್ನ ಹೆಸರು ಬರೆದುಕೊಂಡು, ಮೇಲೆ ಕೆಳಗೆ ನೋಡಿ, "ಪಾಟಿ ಎಲ್ಲೈತವ್ವ?" ಎಂದು ಕೇಳಿದರು.

"ಒಡೀತ್ರಿ," ಅಂದ ಅಪ್ಪ. "ಮೊನ್ನೆನ ಒಡೀತ್ರಿ. ಹೊಸಾದು ಇತ್ತು."