ಆಯಿ ಮೂಸಿ ನೋಡಿದ ಚಿಕ್ಕಿ ಹೂವು

ಕೆಳಗಿನ ಮನೆಯಾಕೆ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, ಸೆರಗನ್ನು ಮೂಗಿನ ಹತ್ತಿರ ತಂದೂ ತರದ ಹಾಗೆ ಹಿಡಿದುಕೊಂಡು, ‘ಅಕ್ಕಾರ, ನಿಮ್ಮ ಕಡೆ ಇಲಿ-ಗಿಲಿ ಏನರ ಸತ್ತೈತೇನ್ರಿ?’ ಎಂದು ಕೇಳಿದಳು. ನೋಡುತ್ತೇನೆ ಅಂದೆ. ನೋಡುವುದೇನಿತ್ತು? ಹಾವೇರಿಯ ಈ ಮಹಡಿ ಮನೆಯ ವರಾಂಡದಲ್ಲಿ, ತುಳಸಿ ಕುಂಡದ ಹಿಂದೆ, ಚಿಕ್ಕಿ ಗಿಡದ ಮೊಗ್ಗೊಂದು ನನ್ನ ಕಣ್ಣು ತಪ್ಪಿಸಿ ಬೆಳೆದು ಬಿರಿಯತೊಡಗಿತ್ತು. ಪ್ರತಿ ವರ್ಷ ಮೊಗ್ಗು ಕಂಡ ಕೂಡಲೇ ಕತ್ತರಿಸಿಬಿಡುತ್ತೇನೆ, ನೆರೆಹೊರೆ ಬೇಕಲ್ಲ. ಈ ಸಲವೂ ಕತ್ತರಿ ಹಿಡಿದೇ ಹೋದೆ. ಆದರೆ ಆ ಮೊಗ್ಗು ಥೇಟ್ ನಮ್ಮ ಆಯಿಯ ಎಲೆಯಡಿಕೆ ಸಂಚಿಯಂತೆ ಉಬ್ಬಿಕೊಂಡು, ಬಾಯಿಯ ದಾರ ಸಡಿಲಾದ ಹಾಗೆ ತುದಿಯಲ್ಲಿ ಬಿಚ್ಚಿಕೊಂಡಿತ್ತು. ಅಲ್ಲೇ ಕೂತುಬಿಟ್ಟೆ.

ಈ ಗಿಡವನ್ನು ನೀವು ನೋಡಿರಲಿಕ್ಕಿಲ್ಲ. ಎಲೆ ಅನ್ನುವುದೇ ಇಲ್ಲ. ಹೆಬ್ಬೆರಳಿನ ದಪ್ಪದ, ನಾಲ್ಕು ಏಣಿನ ಹಸಿರು ದಿಂಡುಗಳು, ಮುಟ್ಟಿದರೆ ಮಕಮಲ್ಲಿನ ಹಾಗೆ. ನೀರನ್ನು ಮೈಯೊಳಗೇ ಬಚ್ಚಿಟ್ಟುಕೊಂಡು ಬದುಕುವ ಗಿಡಗಳೆಲ್ಲ ಹೂವಿನ ವಿಷಯಕ್ಕೆ ಬಂದರೆ ಸ್ವಲ್ಪ ತಿಕ್ಕಲೇ. ದೃಷ್ಟಿಯಾಗದಿರಲೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು ನೀರು ಒಂದೂ ಇಲ್ಲದೆ ಹೂವಿನ ದಂಟು ಬಿಟ್ಟು, ಆ ದಂಟನ್ನು ಮೆಲ್ಲಗೆ ಆಕಾಶದ ಕಡೆಗೆ ತಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಲೆಕೆಳಗಾದವರಿಗೂ ಮೇಲು ಯಾವುದು ಅಂತ ಗೊತ್ತಿರುತ್ತದೆ, ನೋಡಿ. ನನಗಂತೂ ನೆಟ್ಟಗೆ ನಿಂತಾಗಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಇರಲಿ. ಚಿಕ್ಕಿ ಗಿಡ ಮೊದಲು ನಮ್ಮ ಮನೆತನಕ್ಕೆ ಬಂದದ್ದು ರೈಲಿನಲ್ಲಿ, ಚಿಗವ್ವನ ತೊಡೆಯ ಮೇಲೆ, ಒಂದು ಡಾಲ್ಡಾ ಡಬ್ಬಿಯಲ್ಲಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಗವ್ವ, ಅಂದರೆ ರಾಣೆಬೆನ್ನೂರಿನ ಶಾಂತಾ, ನಮ್ಮ ಕಾಕಾನನ್ನು ಮದುವೆಯಾಗಿ ಬ್ಯಾಡಗಿಯ ಮನೆಗೆ ಬಂದಾಗ, ಹಾಂಡೆ ಕೊಡಗಳ ಜೊತೆಗೆ ಆಕೆಯ ಅವ್ವ ಈ ಡಬ್ಬಿಯನ್ನೂ ಕೊಟ್ಟಿದ್ದಳಂತೆ. ಆಕಾಶದ ಚಿಕ್ಕಿಯಂಥ, ಅಂಗೈಯಗಲದ ಹೂವು ಬಿಡುತ್ತದೆ, ನೋಡಿದ ಮಂದಿ ಮೂಗಿನ ಮೇಲೆ ಬೆರಳಿಡುತ್ತಾರೆ ಅಂದಿದ್ದಳಂತೆ. ಮರುವರ್ಷವೇ ಆ ಅವ್ವ ತೀರಿಕೊಂಡಳು. ತವರಿನ ಸೀರೆ ಉಟ್ಟು ಹರಿಯುತ್ತದೆ, ಪಾತ್ರೆ ತಿಕ್ಕಿ ಸವೆಯುತ್ತದೆ. ತವರಿನಿಂದ ಬಂದದ್ದರಲ್ಲಿ ಬೆಳೆಯುತ್ತಿದ್ದದ್ದು ಆ ಡಬ್ಬಿಯೊಂದೇ.

ಆಯಿಗೆ, ಅಂದರೆ ನಮ್ಮಪ್ಪನ ತಾಯಿಗೆ, ಅದು ಸೇರುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಕಳ್ಳಿ. ಕಳ್ಳಿ ಇರಬೇಕಾದ್ದು ಹೊಲದ ಬೇಲಿಯಲ್ಲಿ. ಮುಳ್ಳಿಲ್ಲವಲ್ಲ ಎಂದು ಚಿಗವ್ವ ವಾದಿಸಿದರೆ, ಮುಳ್ಳಿಲ್ಲದ ಕಳ್ಳಿಯನ್ನು ನಂಬಲೇಬಾರದು ಎಂದು ಆಯಿ. ಕೊನೆಗೆ ಒಂದು ದಿನ ತೀರ್ಮಾನ ಹೊರಬಿತ್ತು.

‘ಹೂವ ಬಿಟ್ರ ಇರಲಿ. ಈ ದಸರಾ ದಾಟಿದ್ರೂ ಬಿಡಲಿಲ್ಲಂದ್ರ ಬೇಲಿಗೆ ಹೋಗತೈತಿ. ಬರೇ ಮೈ ಬೆಳಿಸಿಕೊಂಡು ಕುಂದ್ರಾಕ ಇದೇನು ಛತ್ರ ಏನು?’

ಆಯಿ ಬ್ಯಾಡಗಿಯವಳೇ. ಹುಟ್ಟಿದ್ದೂ ಅಲ್ಲಿ, ಕೊಟ್ಟದ್ದೂ ಅಲ್ಲಿ. ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಮುದುಕಿಯಾದವಳು. ಹಿತ್ತಲ ಕಟ್ಟೆಯ ಮೇಲೆ ಕೆಂಪು ರಾಶಿಯ ನಡುವೆ ಅವಳು ಕೂತಿದ್ದರೆ ಸಂಜೆಯ ಮೋಡದಲ್ಲಿ ಕೂತ ಹಾಗೆ ಕಾಣುತ್ತಿದ್ದಳು. ಸುಗ್ಗಿ ಕಾಲದಲ್ಲಿ ಆ ಊರಿನ ಗಾಳಿಯೇ ಕೆಂಪು. ಹಾವೇರಿಯಿಂದ ಬಂದು ರೈಲಿಳಿದ ಕೂಡಲೇ ನನಗೆ ಸೀನು ಹತ್ತುತ್ತಿತ್ತು. ಆಯಿ ಸೀನಿದ್ದನ್ನು ಮಾತ್ರ ನಾನು ಕಂಡಿಲ್ಲ. ಉಳಿದವರು ಕಾಯಿಯನ್ನು ಮೂಸಿ ಮುಗ್ಗಲು ಹಿಡಿದಿದೆಯೇ ಎಂದು ನೋಡಿದರೆ, ಇವಳು ಕಿವಿಯ ಹತ್ತಿರ ಒಯ್ದು ಮುರಿದು ಸದ್ದು ಕೇಳುತ್ತಿದ್ದಳು. ಅದು ಅವಳ ಕಸುಬುದಾರಿಕೆ ಅಂದುಕೊಂಡಿದ್ದೆವು.

ಇನ್ನೊಂದು ಚಾಳಿಯಿತ್ತು. ಚಿಗವ್ವ ಒಲೆಯ ಮುಂದಿದ್ದಾಗ ಆಯಿ ಮೇಲಿಂದ ಮೇಲೆ ಕೇಳುವಳು: ಒಗ್ಗರಣೆ ಬಿತ್ತೇ, ಬೆಳ್ಳುಳ್ಳಿ ಹೊತ್ತಿತೇ, ಹಾಲು ಕಾಯ್ದಿತೇ? ಚಿಗವ್ವ ಹಲ್ಲು ಕಚ್ಚಿ ಉತ್ತರ ಕೊಡುವಳು. ತನ್ನ ಅಡುಗೆಯ ಮೇಲೆ ಅತ್ತೆಗೆ ನಂಬಿಕೆಯಿಲ್ಲ ಎಂದು ನನ್ನ ಜಡೆ ಹೆಣೆಯುವಾಗ ಗೊಣಗುತ್ತಿದ್ದಳು. ಗೊಣಗಿದಷ್ಟೂ ಜಡೆ ಬಿಗಿಯಾಗುತ್ತಿತ್ತು.

ಆ ವರ್ಷ ದಸರಾ ಸೂಟಿಗೆ ನಾನು ಹೋದಾಗ ಗಿಡ ಮೊಗ್ಗು ಹಿಡಿದಿತ್ತು. ಚಿಗವ್ವ ಅದನ್ನು ತನ್ನ ಕೋಣೆಯ ಕಿಡಕಿಯಲ್ಲಿಟ್ಟು, ಯಾರಿಗೂ ಹೇಳದಂತೆ ನನ್ನಿಂದ ಆಣೆ ಹಾಕಿಸಿಕೊಂಡಳು. ಅರಳಿದ ಮೇಲೆ ಎಲ್ಲರನ್ನೂ ಕರೆದು ತೋರಿಸುವ ಆಸೆ ಅವಳಿಗೆ.

ಮನೆ ತೊಳೆಯುವ ಗಡಿಬಿಡಿಯಲ್ಲಿದ್ದಾಗ ನಾತ ಎದ್ದಿತು. ಬ್ಯಾಡಗಿಯ ಮನೆಯಲ್ಲಿ ನಾತ ಎದ್ದರೆ ಯಾರಿಗಾದರೂ ಮೊದಲು ಬರುವ ಯೋಚನೆ ಒಂದೇ: ಮೆಣಸಿನಕಾಯಿ ಚೀಲದೊಳಗೆ ಇಲಿ ಸತ್ತಿದೆ. ಕಾಕಾ ಮುಖಕ್ಕೆ ಟವೆಲ್ ಸುತ್ತಿಕೊಂಡು, ಪಡಸಾಲೆಯಲ್ಲಿ ಒಟ್ಟಿದ್ದ ಹಳೆಯ ಚೀಲಗಳನ್ನೆಲ್ಲ ಅಂಗಳಕ್ಕೆ ಎಳೆದು ಸುರಿದ. ಧೂಳೆದ್ದು ಓಣಿಯೆಲ್ಲ ಸೀನಿತು. ಇಲಿ ಸಿಗಲಿಲ್ಲ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು, ಯಾಕೆಂದರೆ ಚಿಗವ್ವ ಕೋಣೆಯ ಬಾಗಿಲು ಹಾಕಿಕೊಂಡು, ಕಿಡಕಿಯ ಮೇಲಿನದಕ್ಕೆ ಬುಟ್ಟಿ ಕವಿಚಿ, ಅದರ ಮುಂದೆ ನಿಂತಿದ್ದಳು. ಅವಳ ಅವ್ವ ಗಿಡವನ್ನು ಬಯಲಿನ ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಿದ್ದಳಂತೆ. ನಾತವೆಲ್ಲ ಗಾಳಿಗೆ ಹೋಗಿ, ಮಗಳ ಪಾಲಿಗೆ ಹೂವಿನ ಮಾತಷ್ಟೇ ಉಳಿದಿತ್ತು.

ನೊಣಗಳ ಬೆನ್ನು ಹತ್ತಿ ಕಾಕಾ ಬಂದೇ ಬಂದ. ಬುಟ್ಟಿ ಎತ್ತಿದ. ಐದು ಮೂಲೆಯ ದೊಡ್ಡ ಚಿಕ್ಕಿ. ಗೋದಿಯ ಬಣ್ಣದ ಮೇಲೆ ಕಂದುಗೆಂಪಿನ ಸಣ್ಣ ಗೆರೆಗಳು, ಅಂಚಿಗೆಲ್ಲ ನವಿರಾದ ಕೂದಲು. ನಾವು ಸೆರಗು, ಲಂಗ, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡೆವು. ‘ನಿಮ್ಮವ್ವ ಖರೇನ ಹೇಳ್ಯಾಳ ಬಿಡು, ಎಲ್ಲಾರೂ ಮೂಗಿನ ಮ್ಯಾಲ ಕೈ ಇಟ್ಟಾರ’ ಎಂದು ಕಾಕಾ ಡಬ್ಬಿ ಎತ್ತಿಕೊಂಡು ಹಿತ್ತಲ ಬಾಗಿಲಿನ ಕಡೆ ನಡೆದ. ಚಿಗವ್ವ ಅಡ್ಡ ಬರಲಿಲ್ಲ. ಅವಳ ಕಣ್ಣು ತುಂಬಿತ್ತು.

ಹಿತ್ತಲಲ್ಲಿ ಆಯಿ ಕೂತಿದ್ದಳು. ‘ತಡೀ, ಇಲ್ಲಿ ತಾ’ ಅಂದಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನಾವು ನೋಡುತ್ತಿದ್ದಂತೆಯೇ ಮುಖವನ್ನು ಹೂವಿಗೆ ತಾಗುವಷ್ಟು ಬಗ್ಗಿಸಿದಳು. ಒಂದು ನೊಣ ಅವಳ ಮೂಗಿನ ಮೇಲೇ ಕೂತು ಎದ್ದಿತು.

‘ಎಂಥಾ ಹೂವ ಐತಲ್ಲೋ. ಇದನ್ನ ಯಾಕ ಒಗೀತಿ?’

ಕಾಕಾ ನಾತದ ಮಾತೆತ್ತಿದ. ಆಯಿ ಇನ್ನೊಮ್ಮೆ ಉಸಿರೆಳೆದಳು. ‘ನನಗೇನೂ ಬರವಲ್ದು’ ಎಂದಳು. ಅಂದ ಮೇಲೆ, ಅನ್ನಬಾರದಿತ್ತು ಎನ್ನುವಂತೆ ಮುಖ ತಗ್ಗಿಸಿ ಹೂವನ್ನು ಸವರತೊಡಗಿದಳು.

ಚಿಗವ್ವ ಮೂಗಿನಿಂದ ಸೆರಗು ತೆಗೆದಳು. ಹತ್ತಿರ ಹೋಗಿ ಕೂತು ಮೆಲ್ಲಗೆ ಕೇಳಿದಳು: ‘ಅತ್ತಿ, ನಿಮಗ ಒಗ್ಗರಣಿ ವಾಸನಿ ಬರತೈತೇನ್ರಿ?’

ಆಯಿ ಹೂವಿನ ಅಂಚಿನ ಕೂದಲನ್ನು ಸವರುತ್ತಲೇ ಹೇಳಿದಳು: ‘ತೊಟ್ಟು ಮುರದು ಮುರದು ಮೂಗು ಎಂದೋ ಹೋಗೇತಿ. ಹೇಳಿದ್ರ ನನ್ನ ಒಲಿ ಕಡೆ ಸುಳಿಯಾಕ ಬಿಡ್ತಿದ್ರೇನು ನೀವು?’

ಇಷ್ಟು ದಿನದ ಆ ಪ್ರಶ್ನೆಗಳೆಲ್ಲ, ಒಗ್ಗರಣೆ ಬಿತ್ತೇ, ಹಾಲು ಕಾಯ್ದಿತೇ, ಒಂದೊಂದಾಗಿ ಬಂದು ಚಿಗವ್ವನ ಸುತ್ತ ಕೂತ ಹಾಗಿತ್ತು.

‘ಹೂವ ಬಿಟ್ರ ಇರಲಿ ಅಂದಿದ್ದೆ, ಬಿಟ್ಟೈತಿ’ ಎಂದಳು ಆಯಿ. ‘ಇಲ್ಲೇ ಇಡ್ರಿ, ನಾ ಕುಂದ್ರೋ ಕಡೆ.’

ಹೂವು ಬಾಡುವ ತನಕ ಆಯಿ ಅದರ ಪಕ್ಕದಲ್ಲಿ ಹಾಯಾಗಿ ತೊಟ್ಟು ಮುರಿದಳು. ಸಂಜೆ ಕೆಲಸ ಮುಗಿಸಿ ಚಿಗವ್ವನೂ ಅಲ್ಲಿಯೇ ಹೋಗಿ ಕೂರುವಳು. ಹೆಂಗ ನಾರತೈತಿ ಹೇಳ ಶಾಂತಾ, ಎಂದು ಆಯಿ ಕೇಳುವಳು. ‘ಇಲಿ ಸತ್ತು ಹುಣಿಶಿ ಗಡಿಗ್ಯಾಗ ಬಿದ್ದಂಗ, ಅತ್ತಿ’ ಎಂದು ಇವಳು. ಬಾಯೊಳಗಿನ ಎಲೆಯಡಿಕೆ ಚೆಲ್ಲುವ ಹಾಗೆ ಆಯಿ ನಗುವಳು. ಅಂದಿನಿಂದ ಆಯಿ ಒಲೆಯ ಕಡೆಗೆ ಪ್ರಶ್ನೆ ಕೂಗುವ ಅಗತ್ಯ ಬೀಳಲಿಲ್ಲ. ಚಿಗವ್ವನೇ ಒಳಗಿನಿಂದ ಹೇಳುತ್ತಿದ್ದಳು, ಬೆಳ್ಳುಳ್ಳಿ ಕೆಂಪಾಯಿತು, ತುಪ್ಪ ಹದಕ್ಕೆ ಬಂತು, ಹೊರಗೆ ಮಳೆ ವಾಸನೆ ಬರುತ್ತಿದೆ ಎಂದು. ಆಯಿ ಒಲೆಯ ಮುಂದೆ ಕೂತ ದಿನ ಚಿಗವ್ವ ಪಕ್ಕದಲ್ಲಿ ನಿಂತು ಅವಳ ಮೂಗಾಗುತ್ತಿದ್ದಳು.

ನನ್ನ ಕುಂಡದಲ್ಲಿರುವುದು ಅದೇ ಡಬ್ಬಿಯಿಂದ ಮುರಿದು ತಂದ ದಿಂಡು. ಆಯಿ ಹೋಗಿ ಎಷ್ಟೋ ವರ್ಷಗಳಾದವು. ಗಿಡವನ್ನು ಇಷ್ಟು ಜೋಪಾನವಾಗಿ ಸಾಕಿ, ಒಂದು ಹೂವನ್ನೂ ಅರಳಲು ಬಿಡದ ನನ್ನ ಜಾಣತನಕ್ಕೆ ಏನನ್ನಬೇಕೋ.

ಕತ್ತರಿಯನ್ನು ಒಳಗಿಟ್ಟು ಬಂದೆ. ಕೆಳಗಿನ ಮನೆಯಾಕೆಯನ್ನು ಕೂಗಿ, ಇಲಿಯಲ್ಲ ಹೂವು, ಮೂಗು ಮುಚ್ಚಿಕೊಂಡಾದರೂ ಮೇಲೆ ಬಂದು ನೋಡಬೇಕು ಎಂದೆ. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಕೊನೆಯ ಮೂಲೆಯೂ ಬಿಚ್ಚಿಕೊಂಡಿತು. ನಾನು ಸೆರಗು ತೆಗೆದು, ಮುಖ ತಾಗುವಷ್ಟು ಬಗ್ಗಿ, ಉಸಿರೆಳೆದುಕೊಂಡೆ.

‘ಭಾಳ ನಾರಾಕತ್ತೇತಿ, ಆಯಿ’ ಎಂದೆ.