ಸೊಪ್ಪಮ್ಮನ ಏರಿನಲ್ಲಿ ನಿಂತ ರೈಲು

ಹೋದ ಭಾನುವಾರ ನಮ್ಮಮ್ಮ ಓಡುವ ರೈಲಿನ ಕಿಟಕಿಯಿಂದ ದೇವರಿಗೆಂದು ಹೊಂಗೆ ಸೊಪ್ಪು ಎಸೆದಳು. ಗಾಳಿ ಅದನ್ನು ವಾಪಸ್ ಒಳಗೆ ತಂದು, ಹಿಂದಿನ ಸೀಟಿನ ಮದ್ರಾಸಿನ ಹಿರಿಯರೊಬ್ಬರ ತಲೆಯ ಮೇಲೆ ಹಾಕಿತು.

ನಗಬೇಡಿ. ಅಮ್ಮನ ಕಣ್ಣಿನ ಗತಿ ಆ ಸೊಪ್ಪಿನ ಕೈಲಿತ್ತು.

ಅಮ್ಮನಿಗೆ ಕಣ್ಣಿನ ಪೊರೆ. ನಾನು ಎದುರು ನಿಂತರೂ ದನಿ ಕೇಳಿಯೇ ಗುರುತು ಹಿಡಿಯಬೇಕು. ಬೆಂಗಳೂರಿನ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದರು. ಅಮ್ಮನದು ಒಂದೇ ಹಟ: "ಸೊಪ್ಪಮ್ಮನ್ನ ಕೇಳ್ದೆ ಕಣ್ಗೆ ಕತ್ತಿ ಆಕುಸ್ಕಳಾಕಿಲ್ಲ ಕಣ್ಲಾ."

ಸೊಪ್ಪಮ್ಮ ಯಾರು? ರಾಯಕೋಟೆ ಕಡೆಯ ಕಾಡಿನಲ್ಲಿ, ರೈಲುಹಳಿಯ ಪಕ್ಕ, ಬೇಲದ ಮರದ ಬುಡದಲ್ಲಿರುವ ಒಂದು ಕಲ್ಲು. ಅಮ್ಮನ ತವರು ಅಲ್ಲೇ ಹತ್ತಿರ. ಆ ದಾರಿಯಲ್ಲಿ ಹೋಗುವವರು ಒಂದು ಕುಡಿ ಸೊಪ್ಪು ಮುರಿದು ಅವಳ ಮುಂದಿಡಬೇಕು. ಕಾಯಿ, ಕರ್ಪೂರ ಏನೂ ಬೇಡ. ಸೊಪ್ಪು ಇಟ್ಟಲ್ಲೇ ನಿಂತರೆ ಒಪ್ಪಿಗೆ, ಹಾರಿದರೆ ಇಲ್ಲ. (ಗಾಳಿ ಜೋರಿರುವ ತಿಂಗಳಲ್ಲಿ ಜಾಣರು ಏನೂ ಕೇಳುವುದಿಲ್ಲ.)

ಅಲ್ಲಿಗೆ ಬಸ್ಸಿಲ್ಲ. ಕಾಲುದಾರಿ ಅಮ್ಮನ ಮಂಡಿಗೆ ಆಗದು. ಅಷ್ಟರಲ್ಲಿ ಕಲ್ಲಿದ್ದಲು ಇಂಜಿನ್‌ಗೆ ವಿದಾಯ ಅಂತ ಹೊಸೂರಿನಿಂದ ಒಂದು ಸ್ಪೆಷಲ್ ಟ್ರೈನ್ ಬಿಟ್ಟರು. ಇನ್ನು ಮುಂದೆ ಡೀಸೆಲ್ಲಂತೆ. ಇಂಜಿನ್‌ಗೆ ಚೆಂಡುಹೂವಿನ ಹಾರ, ಬಾಳೆಕಂದು, ಕುಂಕುಮ. ಜನರ ಕತ್ತಿನಲ್ಲಿ ಕ್ಯಾಮೆರಾ. ಅಮ್ಮನ ಮಡಿಲಲ್ಲಿ ಅವಲಪಲ್ಲಿಯ ನಮ್ಮ ಮನೆ ಮುಂದಿನ ಹೊಂಗೆ ಸೊಪ್ಪು. ರೈಲು ಅಲ್ಲಿ ನಿಲ್ಲುವುದಿಲ್ಲ, ಕಿಟಕಿಯಿಂದಲೇ ಹಾಕು ಅಂತ ಐಡಿಯಾ ಕೊಟ್ಟ ಮಹಾನುಭಾವ ನಾನೇ.

ಕೆಲಮಂಗಲ ದಾಟಿ ಕಾಡು ಬಂತು. ಮುತ್ತುಗ ಹೂಬಿಟ್ಟಿತ್ತು, ಬಿದಿರು ಕಿಟಕಿಗೆ ತಾಗುವಷ್ಟು ಹತ್ತಿರ. ನಾನು ವರ್ಣಿಸತೊಡಗಿದೆ. "ನೀ ಸುಮ್ಕಿರು, ವಾಸ್ನೆ ಬತ್ತಾ ಅದೆ," ಅಂದಳು. ಬೇಲದ ಮರ ಬಂತು ಅಂದೆ. ಎಸೆದಳು. ಮುಂದಿನದು ನಿಮಗೆ ಗೊತ್ತು.

ಅಮ್ಮನ ಮುಖ ಸಪ್ಪಗಾಯಿತು. "ಬ್ಯಾಡ ಅಂದ್ಬುಟ್ಳು ಕಣ್ಲಾ. ಆಪ್ರೇಸನ್ ಬ್ಯಾಡ."

ನನಗೆ ನಿಜಕ್ಕೂ ಭಯವಾಯಿತು. ಒಂದು ಬೀಸು ಗಾಳಿಗೆ ಹೆದರಿ ನಮ್ಮಮ್ಮ ಉಳಿದ ಆಯಸ್ಸನ್ನೆಲ್ಲ ಕತ್ತಲಲ್ಲಿ ಕಳೆಯಬೇಕೆ?

ಸ್ವಲ್ಪ ಮುಂದೆ ಏರು ಹತ್ತಲಾರದೆ ಇಂಜಿನ್ ಏದುಸಿರು ಬಿಟ್ಟು ನಿಂತೇಬಿಟ್ಟಿತು. ಸ್ಟೀಮ್ ಸಾಲದಂತೆ, ಕಾಯಬೇಕಂತೆ. ಎಲ್ಲರೂ ಇಳಿದು ಫೋಟೋ ತೆಗೆಯಲು ಇಂಜಿನ್ ಕಡೆ ಓಡಿದರು. ನಾನು ಅಮ್ಮನನ್ನು ಇಳಿಸಿ, ಕೈ ಹಿಡಿದು ಬೇಲದ ಮರದತ್ತ ಹಿಂದಕ್ಕೆ ನಡೆಸಿದೆ.

ಮದ್ರಾಸಿನವರೂ ಹಿಂದೆಯೇ ಬಂದರು, ಕೈಯಲ್ಲಿ ಅದೇ ಸೊಪ್ಪು. "ಇದು ಉಂಗಳ್ದಾ ಅಮ್ಮಾ?" ನಿಮ್ಮದಾ ಅಂತ ಕೇಳಿದರು.

ನಾನು ತಮಿಳಿನಲ್ಲೇ ಅವರಿಗೆ ಎಲ್ಲ ಹೇಳಿದೆ. ಅಮ್ಮ ಸೊಪ್ಪು ವಾಪಸ್ ತಗೊಳ್ಳಲಿಲ್ಲ. "ತಲೆ ಮ್ಯಾಲ್ ಬಿದ್ಮೇಲೆ ಅದು ನಿಮ್ದೇ ಸಾಮಿ. ನೀವೇ ಇಡಿ." ಅಷ್ಟರಲ್ಲಿ ಸೊಪ್ಪು ವಾಪಸ್ ಬಂದದ್ದಕ್ಕೆ ಅವಳಿಗೆ ಬೇರೆ ಕಾರಣವೂ ಹೊಳೆದಿತ್ತು. "ಊರ್ ಸೊಪ್ ತಂದ್ರೆ ಅವ್ಳು ಒಪ್ತಾಳೇನ್ಲಾ? ಇಲ್ಲೀದೇ ಮುರೀಬೇಕಾಗಿತ್ತು."

ಪಕ್ಕದ ಪೊದೆ ತಡವಿ ಒಂದು ಕುಡಿ ಮುರಿದಳು. ಕಲ್ಲು ತಡವಿ, ಮುಂದಿಟ್ಟು, ಕೈಮುಗಿದಳು. ಗಾಳಿ ಮತ್ತೆ ಬೀಸಿತು.

"ನಿಂತದೇನ್ಲಾ?"

ನೋಡಿದೆ. ಮದ್ರಾಸಿನವರು ತಮ್ಮ ಸೊಪ್ಪಿಡುವ ನೆವದಲ್ಲಿ ಬಗ್ಗಿ, ಅಮ್ಮನ ಸೊಪ್ಪಿನ ಮೇಲೊಂದು ಪುಟ್ಟ ಕಲ್ಲಿಟ್ಟಿದ್ದರು. ಏನೂ ಮಾಡದವರ ಹಾಗೆ ಕಾಡು ನೋಡುತ್ತಿದ್ದರು.

"ನಿಂತದೆ ಅಮ್ಮ," ಅಂದೆ. (ಕಲ್ಲಿನ ವಿಷಯ ಅಮ್ಮನಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ.)

ಗುರುವಾರ ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ ಅಂದಿದ್ದಾರೆ ಡಾಕ್ಟರು. ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಮೊದಲು ಸೊಪ್ಪಮ್ಮನನ್ನು ಕಣ್ಣಾರೆ ನೋಡಬೇಕಂತೆ. ಹೊಸ ಡೀಸೆಲ್ ಇಂಜಿನ್ ಆ ಏರನ್ನು ಒಂದೇ ದಮ್ಮಿಗೆ ಹತ್ತುತ್ತದೆ ಅಂತ ಸ್ಟೇಷನ್ನಿನಲ್ಲಿ ಹೆಮ್ಮೆಯಿಂದ ಹೇಳಿದರು.

ದಣಿವೇ ಆಗದ ಇಂಜಿನ್ ನಮ್ಮಮ್ಮನನ್ನು ಅಲ್ಲಿ ಹೇಗೆ ಇಳಿಸುತ್ತದೆ?